ಹತ್ತಿಯ ಊರಿನಿಂದ ಅಂತರಿಕ್ಷಕ್ಕೆ: ವಿಕ್ರಮ್ ಸಾರಾಭಾಯಿ

ಹತ್ತಿಯ ಪೇಟೆಯೆಂದು ಹೆಸರಾದ ಆದವಾನಿಯಲ್ಲಿ ಅಹಮದಾಬಾದಿನ ಹೆಸರನ್ನು ಕೇಳದವರು ಕಡಿಮೆ. ಆ ಬಟ್ಟೆಗಿರಣಿಗಳ ನಗರದಲ್ಲಿ, ಕ್ಯಾಲಿಕೋ ಗಿರಣಿಯ ಒಡೆಯರಾದ ಅಂಬಾಲಾಲ್ ಹಾಗೂ ಸರಳಾದೇವಿ ದಂಪತಿಗಳ ಮಗನಾಗಿ 1919ರ ಆಗಸ್ಟ್ 12ರಂದು ವಿಕ್ರಮ್ ಸಾರಾಭಾಯಿ ಜನಿಸಿದರು. ಮನೆಯಲ್ಲಿ ಸಿರಿಗೆ ಕೊರತೆಯಿರಲಿಲ್ಲ. ಮಕ್ಕಳಿಗೆಂದೇ ಮನೆಯ ಆವರಣದಲ್ಲಿ ಶಾಲೆಯೊಂದನ್ನು ತೆರೆಯಲಾಗಿತ್ತು. ಆದರೆ ಅದು ಸಂಪತ್ತಿನಲ್ಲಿ ಮೈಮರೆತ ಮನೆಯಲ್ಲ. ತಂದೆ ಗಿರಣಿಯ ಒಡೆಯರಾದರೆ ಸೋದರತ್ತೆ ಅನಸೂಯಾ ಗಿರಣಿ ಕಾರ್ಮಿಕರ ನಾಯಕಿ. ವಿಕ್ರಮ್ ಹುಟ್ಟುವ ಹಿಂದಿನ ವರ್ಷ, 1918ರ ಮುಷ್ಕರದಲ್ಲಿ, ಆಕೆ ಗಾಂಧೀಜಿಯವರೊಡನೆ ಕಾರ್ಮಿಕರ ಪಕ್ಷದಲ್ಲಿ ನಿಂತು ಸ್ವಂತ ತಮ್ಮನನ್ನೇ ಎದುರಿಸಿದ್ದರು. ಯಂತ್ರದ ಫಲ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯನ್ನು ಈ ಬಾಲಕ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1937ರಲ್ಲಿ ಅವರು ಕೇಂಬ್ರಿಜ್‌ಗೆ ತೆರಳಿ 1940ರಲ್ಲಿ ಪದವಿ ಪಡೆದರು. ಮಹಾಯುದ್ಧ ಅವರನ್ನು ತಾಯ್ನಾಡಿಗೆ ಮರಳಿಸಿತು. ಮರಳಿದವರು ನೆಲೆ ಕಂಡುಕೊಂಡದ್ದು ಕನ್ನಡದ ನೆಲದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ಹೋಮಿ ಭಾಭಾ ಕೂಡ ಆಗ ಅಲ್ಲಿಯೇ ಇದ್ದರು. ನೃತ್ಯ ಕಲಾವಿದೆ ಮೃಣಾಲಿನಿಯವರ ಪರಿಚಯವಾದದ್ದೂ ಬೆಂಗಳೂರಿನಲ್ಲಿಯೇ. 1942ರಲ್ಲಿ ಅವರ ವಿವಾಹ ನಡೆಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ಅದೇ ವರ್ಷ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಅಹಮದಾಬಾದಿನ ವಿಜ್ಞಾನ ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಅದರ ಜೊತೆಜೊತೆಗೇ ಬಟ್ಟೆ ಉದ್ಯಮದ ಸಂಶೋಧನಾ ಸಂಘವನ್ನೂ ಕಟ್ಟತೊಡಗಿದರು. ಒಂದು ಕೈಯಲ್ಲಿ ನಕ್ಷತ್ರಲೋಕದ ಕಿರಣ, ಇನ್ನೊಂದರಲ್ಲಿ ಹತ್ತಿಯ ನೂಲು! ಇದನ್ನು ಸಿರಿವಂತರ ಮನೆಯ ಮಗನ ಚಪಲವೆಂದು ಕಂಡವರೂ ಇದ್ದಿರಬಹುದು. ಆದರೆ ಅವರ ಮುಂದಿನ ಬದುಕನ್ನು ನೋಡಿದರೆ ಈ ಎರಡು ಕೆಲಸಗಳೂ ಅವರಿಗೆ ಒಂದೇ ಆಗಿದ್ದವೆಂದು ತೋರುತ್ತದೆ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚನೆಯಾದಾಗ ಅದರ ಹೊಣೆ ಸಾರಾಭಾಯಿಯವರ ಹೆಗಲೇರಿತು. ಭೂಮಿಯ ಕಾಂತೀಯ ಸಮಭಾಜಕ ಹಾದುಹೋಗುವ ಕೇರಳದ ತುಂಬಾ ಎಂಬ ಮೀನುಗಾರರ ಊರನ್ನು ಅವರು ಆರಿಸಿದರು. ಅಲ್ಲಿಯ ಚರ್ಚ್ ಕಟ್ಟಡವೇ ಕಾರ್ಯಾಲಯವಾಯಿತು. ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಬಂದವು. 1963ರ ನವೆಂಬರ್ 21ರಂದು ಮೇಲೇರಿದ ಮೊದಲ ರಾಕೆಟ್ಟು ಅಮೆರಿಕದಿಂದ ಬಂದದ್ದು. ನಾಲ್ಕು ವರ್ಷಗಳ ತರುವಾಯ, 1967ರಲ್ಲಿ, ನಮ್ಮವರೇ ಸಿದ್ಧಪಡಿಸಿದ ಪುಟ್ಟ ರೋಹಿಣಿ ಹಾರಿತು. ಭಾಭಾ ಅವರು 1966ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯೂ ಸಾರಾಭಾಯಿಯವರಿಗೇ ಬಂದಿತು. 1969ರ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ ಅಮೆರಿಕದ ಗಗನಯಾತ್ರಿಗಳು ಚಂದ್ರನ ಮೇಲೆ ನಡೆದಾಡಿದ್ದರು.

ಹಸಿದವರ ನಾಡಿಗೆ ರಾಕೆಟ್ಟೇಕೆ ಎಂಬ ಪ್ರಶ್ನೆ ಅಂದು ಸಹಜವಾಗಿಯೇ ಎದ್ದಿತು. ಸಾರಾಭಾಯಿ ಅದನ್ನು ತಳ್ಳಿಹಾಕಲಿಲ್ಲ. ಚಂದ್ರನೆಡೆಗಾಗಲಿ, ಗ್ರಹಗಳೆಡೆಗಾಗಲಿ, ಮನುಷ್ಯರನ್ನು ಹೊತ್ತ ಯಾನದಲ್ಲಾಗಲಿ ಸಿರಿವಂತ ರಾಷ್ಟ್ರಗಳೊಡನೆ ಪೈಪೋಟಿ ಮಾಡುವ ಭ್ರಮೆ ಭಾರತಕ್ಕಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಉನ್ನತ ತಂತ್ರಜ್ಞಾನವನ್ನು ಈ ನೆಲದ ಮನುಷ್ಯನ ನಿತ್ಯದ ಸಮಸ್ಯೆಗಳಿಗೆ ಅನ್ವಯಿಸುವುದರಲ್ಲಿ ಮಾತ್ರ ನಾವು ಯಾರಿಗೂ ಹಿಂದುಳಿಯಬಾರದೆಂಬುದು ಅವರ ಹಟವಾಗಿತ್ತು.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಗಣಕಯಂತ್ರದ ಮೇಲೆ ಬಾಹ್ಯಾಕಾಶ ಯಾನದ ಆಟಗಳನ್ನು ಆಡುತ್ತಾರೆ. ಅವುಗಳಲ್ಲಿ ಹೆಸರಾದದ್ದು ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’. ಅದನ್ನು ಬರಿಯ ಕಾಲಹರಣವೆಂದು ಜರೆಯುವುದು ಸಲ್ಲದು. ರಾಕೆಟ್ಟು ನೆಟ್ಟಗೆ ಮೇಲೇರಿದ ಮಾತ್ರಕ್ಕೆ ಕಕ್ಷೆ ಸೇರುವುದಿಲ್ಲ, ಅಡ್ಡಕ್ಕೆ ವೇಗ ಗಳಿಸಬೇಕು ಎಂಬುದನ್ನು ಪಾಠದ ಪುಟಕ್ಕಿಂತ ಬೇಗ ಅದು ಮನಗಾಣಿಸುತ್ತದೆ. ಪೂರ್ವಕ್ಕೆ ಹಾರಿಸಿದರೆ ಭೂಮಿಯ ತಿರುಗುವಿಕೆಯ ವೇಗ ಉಚಿತವಾಗಿ ದೊರೆಯುತ್ತದೆಂಬ ಅರಿವೂ ಅಲ್ಲಿ ತಾನಾಗಿ ಬರುತ್ತದೆ. ಈ ಲಾಭಕ್ಕಾಗಿಯೇ ಸಾರಾಭಾಯಿಯವರ ಕಾಲದಲ್ಲಿ ಪೂರ್ವ ಕರಾವಳಿಯ ನಮ್ಮ ಆಂಧ್ರದ ಶ್ರೀಹರಿಕೋಟಾ ಆಯ್ಕೆಯಾದದ್ದು. 1971ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಮೊದಲ ರಾಕೆಟ್ಟು ಹಾರಿತು.

ಆದರೆ ಆಟದಲ್ಲಿ ಒಂದು ವಿಶೇಷವಿದೆ. ಹಂತಹಂತವಾಗಿ ಸಾಗುವ ಅದರ ಕ್ರಮದಲ್ಲಿ ಆಟಗಾರನ ಕೈಗೆ ಮೊದಲು ಬರುವುದು ಯಾತ್ರಿ ಕುಳಿತುಕೊಳ್ಳುವ ಕೋಶ. ಯಾತ್ರಿಯಿಲ್ಲದೆ ಹಾರುವ ಯಂತ್ರ ದಕ್ಕುವುದು ಆಮೇಲೆ. ಯಾನ ವಿಫಲವಾದರೆ ಒಂದು ಗುಂಡಿಯನ್ನೊತ್ತಿ ಹಿಂದಿನ ಗಳಿಗೆಗೆ ಮರಳಬಹುದು. ಸಾರಾಭಾಯಿಯವರಿಗೆ ಅಂಥ ಗುಂಡಿ ಇರಲಿಲ್ಲ, ಬಡ ದೇಶದ ಬೊಕ್ಕಸವಿತ್ತು. ಅವರು ಕ್ರಮವನ್ನು ತಿರುಗಿಸಿದರು: ಮೊದಲು ಹಳ್ಳಿ.

ಅವರ ಅಭ್ಯಾಸಪಂದ್ಯವೂ ಹಳ್ಳಿಯಲ್ಲೇ ನಡೆಯಿತು. ದೂರದರ್ಶನ ರೈತನಿಗೆ ಏನನ್ನಾದರೂ ಕಲಿಸಬಲ್ಲುದೇ ಎಂಬುದನ್ನು ಉಪಗ್ರಹಕ್ಕೆ ಹಣ ಸುರಿಯುವ ಮೊದಲೇ ಪರೀಕ್ಷಿಸಬೇಕಿತ್ತು. ಅದಕ್ಕಾಗಿ 1967ರ ಗಣರಾಜ್ಯೋತ್ಸವದಂದು ದೆಹಲಿಯ ಸುತ್ತಣ 80 ಹಳ್ಳಿಗಳಲ್ಲಿ ‘ಕೃಷಿ ದರ್ಶನ’ ಆರಂಭವಾಯಿತು. 1969ರಲ್ಲಿ ಅಮೆರಿಕದ ನಾಸಾದೊಡನೆ, ಅವರ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಳ್ಳುವ ಒಪ್ಪಂದವಾಯಿತು.

ಅದರ ಫಲವನ್ನು ಅವರು ಕಾಣಲಿಲ್ಲ. ಆಯೋಗ, ಇಸ್ರೋ, ಪ್ರಯೋಗಾಲಯ ಎಲ್ಲವನ್ನೂ ಒಬ್ಬರೇ ಹೊತ್ತಿದ್ದರು. ಅಷ್ಟು ಭಾರವನ್ನು ಒಂದು ಜೀವದ ಮೇಲೆ ಹೇರಿದ್ದು ದೇಶದ ಅವಿವೇಕವೆಂದೇ ನನ್ನ ಭಾವನೆ. 1971ರ ಡಿಸೆಂಬರ್ 30ರಂದು, ತುಂಬಾಕ್ಕೆ ಸಮೀಪದ ಕೋವಳಂನಲ್ಲಿ, ಐವತ್ತೆರಡರ ವಯಸ್ಸಿನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು.

ಉಳಿದ ಕೆಲಸವನ್ನು ಶಿಷ್ಯರು ಮುಂದುವರಿಸಿದರು. ಅವರಲ್ಲಿ ಒಬ್ಬರು ಉಡುಪಿಯ ಅದಮಾರಿನ ಯು. ಆರ್. ರಾವ್. ನಮ್ಮ ನೆರೆಯ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದಲ್ಲಿ ಬಿ.ಎಸ್‌ಸಿ. ಓದಿದ ಅವರು ಡಾಕ್ಟರೇಟ್ ಪಡೆದದ್ದು ಸಾರಾಭಾಯಿಯವರ ಕೈಕೆಳಗೆ. ಬೆಂಗಳೂರಿನ ಪೀಣ್ಯದಲ್ಲಿ ಅವರ ನಾಯಕತ್ವದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು.

ಅದೇ ವರ್ಷದ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ದೂರದರ್ಶನ ಮೂಡಿತು. ಆ ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಇತ್ತು, ಕರ್ನಾಟಕವೂ ಇತ್ತು. ತುಂಗಭದ್ರೆಯ ಆಚೆ ದಡದ ರಾಯಚೂರು ಜಿಲ್ಲೆಯ ಊರುಗಳಲ್ಲಿ ತಂತಿಬಲೆಯ ಛತ್ರಿಗಳು ಆಕಾಶಕ್ಕೆ ಮುಖಮಾಡಿದವು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ತೆಲುಗು ಮತ್ತು ಕನ್ನಡ ಕಾರ್ಯಕ್ರಮಗಳೆರಡೂ ಹೈದರಾಬಾದಿನ ಒಂದೇ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಎರಡು ನುಡಿಗಳ ನಡುವೆ ಬಾಳುವ ನಮ್ಮಂಥವರಿಗೆ ಇದು ಕಿರಿದಾದ ಸಂಗತಿಯಲ್ಲ: ಬಾಹ್ಯಾಕಾಶದಿಂದ ಈ ನಾಡಿಗೆ ಮೊದಲು ಇಳಿದುಬಂದ ಮಾತುಗಳಲ್ಲಿ ಕನ್ನಡವೂ ಒಂದು.

ಈಗ ಗಗನಯಾನದ ಸಿದ್ಧತೆ ನಡೆದಿದೆ. ಆಯ್ಕೆಯಾದವರ ತರಬೇತಿಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. 2035ರ ಹೊತ್ತಿಗೆ ನಮ್ಮದೇ ಅಂತರಿಕ್ಷ ನಿಲ್ದಾಣ, 2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯರ ಹೆಜ್ಜೆ ಎಂಬ ಗುರಿಗಳು ಪ್ರಕಟವಾಗಿವೆ. ಇದರಿಂದ ಸಾರಾಭಾಯಿಯವರ ಮಾತು ಮುರಿದಂತಾಯಿತೇ? ಅವರು ಮಾನವಯಾನವನ್ನು ಎಂದೆಂದಿಗೂ ನಿಷೇಧಿಸಿದರೆಂದು ನಾನು ಓದುವುದಿಲ್ಲ. ಅವರು ನಿರಾಕರಿಸಿದ್ದು ಪೈಪೋಟಿಯನ್ನು. ಆದರೆ ಹೊಸ ಯೋಜನೆಯನ್ನು ಅವರ ಹೆಸರಿನಿಂದ ಹೊಗಳುವವರು ಅವರ ಪ್ರಶ್ನೆಯನ್ನೂ ಜೊತೆಗೆ ಹೊರಬೇಕಾಗುತ್ತದೆ. ಮಳೆಯನ್ನೇ ನಂಬಿದ ಪಶ್ಚಿಮ ಕರ್ನೂಲಿನ ಹತ್ತಿಯ ಹೊಲಗಳಲ್ಲಿ ನಿಂತು ಆ ಪ್ರಶ್ನೆಯನ್ನು ಮರೆಯುವುದು ಸುಲಭವಲ್ಲ.

ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರಿದೆ. ಚಂದ್ರನಿಗೆ ಕಳುಹಿದ ಇಳಿಗಾಡಿಗೂ ವಿಕ್ರಮ್ ಎಂದೇ ಹೆಸರಿಟ್ಟರು. ಅದರ ಸಂವೇದಕಗಳನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನ ಬಯಲಿನಲ್ಲಿ, ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಲಾಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಮೊದಲ ವಿಕ್ರಮ್ ಅಪ್ಪಳಿಸಿ ನಾಶವಾಯಿತು. ಎರಡನೆಯದು 2023ರ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಭಾಗದಲ್ಲಿ ಮೆಲ್ಲನೆ ಇಳಿಯಿತು. ಅದರಲ್ಲಿ ಯಾತ್ರಿಗಳು ಯಾರೂ ಇರಲಿಲ್ಲ.