ಬೋರ್ಡ್ ಮೇಲಿನ ‘ಮಾಂಟೆಸರಿ’ ಯಾರು? ಮಗು ಸೇರಿಸೋ ಮೊದಲು ತಿಳ್ಕೊಳ್ಳಿ

ಅಡ್ಮಿಷನ್ ಸೀಸನ್ ಬಂತು. ಬಸ್ ಸ್ಟ್ಯಾಂಡ್‌ನಿಂದ ಸಂತೆ ಬೀದಿವರೆಗೂ ಫ್ಲೆಕ್ಸ್‌ಗಳಲ್ಲಿ ‘ಮಾಂಟೆಸರಿ’ ಅನ್ನೋ ಹೆಸರು ಕಾಣ್ತಿದೆ. ಇದು ಯಾವುದೋ ಕಂಪನಿ ಹೆಸರು ಅಂದುಕೊಂಡವರೂ ಇದ್ದಾರೆ. ಅಲ್ಲ, ಇದು ಒಬ್ಬ ಡಾಕ್ಟರಮ್ಮನ ಹೆಸರು.

ಮರಿಯಾ ಮಾಂಟೆಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯಲ್ಲಿ. ಹೆಣ್ಣುಮಕ್ಕಳು ಡಾಕ್ಟರ್ ಓದೋದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಮೊದಲು ಬುದ್ಧಿಮಾಂದ್ಯ ಮಕ್ಕಳ ಜೊತೆ ಕೆಲಸ ಮಾಡಿದರು. ಮುಟ್ಟಿ, ಕೈಯಾಡಿಸಿ ನೋಡೋಕೆ ಸಾಮಾನು ಕೊಟ್ಟರೆ ಆ ಮಕ್ಕಳೂ ಕಲೀತಾರೆ ಅಂತ ಅಲ್ಲೇ ಗೊತ್ತಾಯ್ತು.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ಅವರ ಮೊದಲ ಶಾಲೆ ಶುರುವಾಯ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಕ್ಕಳು ಕಟ್ಟಡದ ಗೋಡೆ ಹಾಳು ಮಾಡ್ತಿದ್ರು. ಅವರನ್ನ ಒಂದು ಕಡೆ ಕೂರಿಸೋಕೆ ಅಂತ ಕಟ್ಟಡದವರೇ ಕೊಠಡಿ ಕೊಟ್ಟಿದ್ದರು.

ಒಂದು ದಿನ ಟೀಚರ್ ಬರೋದು ತಡವಾಯ್ತು. ಹಿಂದಿನ ದಿನ ಬೀರುಗೆ ಬೀಗ ಹಾಕೋದೂ ಮರೆತಿದ್ದರು. ಬಂದು ನೋಡಿದರೆ ಮಕ್ಕಳು ಬೇಕಾದ ಸಾಮಾನು ತಾವೇ ತಗೊಳ್ತಿದ್ದಾರೆ. ಟೀಚರ್‌ಗೆ ಅದು ಕಳ್ಳತನದ ಹಾಗೆ ಕಂಡಿತು. ಮಾಂಟೆಸರಿ ಹಾಗೆ ನೋಡಲಿಲ್ಲ. ತಮಗೆ ಏನು ಬೇಕು ಅಂತ ಮಕ್ಕಳಿಗೇ ಗೊತ್ತು ಅಂತ ಅರ್ಥ ಮಾಡಿಕೊಂಡರು. ಆಮೇಲೆ ಮಕ್ಕಳ ಕೈಗೆ ಎಟುಕೋ ಗಿಡ್ಡ ಕಪಾಟು ಬಂತು.

ಊರ ಮಕ್ಕಳಿಗೆ ಶಾಲೆ ಕಟ್ಟಿದ ಈಕೆಗೆ ಹೆತ್ತ ಮಗನನ್ನ ಸಾಕೋ ಭಾಗ್ಯ ಇರಲಿಲ್ಲ. ಮದುವೆಯಾಗದೆ 1898ರಲ್ಲಿ ಹುಟ್ಟಿದ ಮಾರಿಯೋನನ್ನ ಬೇರೆಯವರ ಮನೆಯಲ್ಲಿ ಬಿಡಬೇಕಾಯ್ತು. ಅವನು ತಾಯಿ ಹತ್ರ ಬಂದಿದ್ದು ಹರೆಯಕ್ಕೆ ಬಂದ ಮೇಲೆ. ಆಮೇಲೆ ಕೊನೆವರೆಗೂ ಅವರ ಕೆಲಸಕ್ಕೆ ಹೆಗಲು ಕೊಟ್ಟ.

1939ರಲ್ಲಿ ತಾಯಿ ಮಗ ಮದ್ರಾಸಿನ ಅಡ್ಯಾರ್‌ಗೆ ಬಂದು ಟೀಚರ್‌ಗಳಿಗೆ ತರಬೇತಿ ಶುರು ಮಾಡಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಶತ್ರು ದೇಶದವನು ಅಂತ ಬ್ರಿಟಿಷರು ಮಾರಿಯೋನನ್ನ ಬಂಧಿಸಿದರು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟು ಕಳಿಸಿದರು. 1946ರವರೆಗೆ ಇಬ್ಬರೂ ಭಾರತದಲ್ಲೇ ಇದ್ದರು, ಕೊಡೈಕೆನಾಲ್‌ನಲ್ಲೂ ಕೆಲ ಕಾಲ ಕಳೆದರು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ಮಾಂಟೆಸರಿ ತೀರಿಕೊಂಡರು.

ಇವತ್ತು ಅವರ ಹೆಸರನ್ನ ಯಾರು ಬೇಕಾದರೂ ಬೋರ್ಡ್‌ಗೆ ಹಾಕಿಕೊಳ್ತಿದ್ದಾರೆ. ಹಾಗಾಗಿ ಫೀಸ್ ಕಟ್ಟೋ ಮೊದಲು, ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದರೂ ಪರವಾಗಿಲ್ಲ, ಕ್ಲಾಸ್ ನಡೆಯೋ ಹೊತ್ತಲ್ಲಿ ಒಳಗೆ ಹೋಗಿ ನೋಡಿ. ಮೂರರಿಂದ ಆರು ವರ್ಷದವರು ಒಟ್ಟಿಗೆ ಇದ್ದಾರಾ? ಮರದ ಸಾಮಾನು ಮಕ್ಕಳ ಕೈಯಲ್ಲಿದೆಯಾ, ಇಲ್ಲ ಎಲ್ಲರೂ ಸಾಲಾಗಿ ಕೂತು ಕಾಪಿ ಬರೀತಿದ್ದಾರಾ? ಟೀಚರ್ ಮಗುವಿನ ಪಕ್ಕ ಕೂರ್ತಾರಾ?

ಕೊನೆಗೆ ಬೀರು ನೋಡಿ. ಆಟದ ಸಾಮಾನು ಗಾಜಿನ ಹಿಂದೆ, ಬೀಗದೊಳಗೆ ಇದ್ದರೆ ಅದು ಮಕ್ಕಳಿಗೆ ಇಟ್ಟಿದ್ದಲ್ಲ, ನಮಗೆ ತೋರಿಸೋಕೆ ಇಟ್ಟಿದ್ದು.