ಗ್ಯಾರೇಜಿನಲ್ಲಿ ಎಂಟು ಗಿಟಾರ್: ಲೆಸ್ ಪಾಲ್

ನಾವು ಮೊಬೈಲಿನಲ್ಲಿ ಕೇಳುವ ಸಿನಿಮಾ ಹಾಡುಗಳಲ್ಲಿ ಹಾಡಿದವರು, ತಬಲಾ ನುಡಿಸಿದವರು, ಕೊಳಲು ಊದಿದವರು ಎಲ್ಲರೂ ಒಂದೇ ದಿನ ಒಂದೇ ಕೋಣೆಯಲ್ಲಿ ಕುಳಿತಿದ್ದರು ಎಂದೇನಿಲ್ಲ. ಒಬ್ಬೊಬ್ಬರ ಭಾಗವನ್ನು ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಕೂಡಿಸುತ್ತಾರೆ. ಇದಕ್ಕೆ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ ಎಂದು ಹೆಸರು. ಈ ಕೆಲಸವನ್ನು ದೊಡ್ಡ ಸ್ಟುಡಿಯೋದಲ್ಲಿ ಅಲ್ಲ, ತನ್ನ ಮನೆಯ ಗ್ಯಾರೇಜಿನಲ್ಲೇ ಮಾಡಿದ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಅವರು ತೀರಿಕೊಂಡದ್ದು 2009ರಲ್ಲಿ. ಆಗ ನಮ್ಮಲ್ಲಿ ಎಷ್ಟು ಜನ ಹುಟ್ಟಿದ್ದೆವೋ!

ಲೆಸ್ ಪಾಲ್ 1915ರ ಜೂನ್ 9ರಂದು ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಎಂಬ ಊರಿನಲ್ಲಿ ಹುಟ್ಟಿದರು. ಮನೆಯಲ್ಲಿಟ್ಟ ಹೆಸರು ಲೆಸ್ಟರ್ ವಿಲಿಯಂ ಪೋಲ್ಸ್‌ಫಸ್. ಚಿಕ್ಕವರಿದ್ದಾಗಲೇ ತಂದೆ ತಾಯಿ ಬೇರೆಯಾದರು. ಈ ಹುಡುಗನಿಗೆ ಸಂಗೀತ ಕಲಿಸುವುದು ವ್ಯರ್ಥ ಎಂದು ಪಿಯಾನೋ ಶಿಕ್ಷಕರು ತಾಯಿಗೆ ಚೀಟಿ ಬರೆದು ಕಳುಹಿಸಿದ್ದರಂತೆ. ತಾಯಿ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಆಗ ಕಾಗದದ ಸುರುಳಿಯಲ್ಲಿರುವ ತೂತುಗಳ ಪ್ರಕಾರ ತಾನಾಗಿಯೇ ನುಡಿಯುವ ಪಿಯಾನೋಗಳಿದ್ದವು. ಹುಡುಗ ಆ ಸುರುಳಿಯಲ್ಲಿ ತನಗೆ ಬೇಕಾದ ಕಡೆ ಹೊಸ ತೂತು ಕೊರೆದು, ಇದ್ದ ಹಾಡಿಗೆ ಇಲ್ಲದ ಸ್ವರ ಸೇರಿಸುತ್ತಿದ್ದ. ಮುಂದೆ ಆತ ಮಾಡಿದ ಕೆಲಸವೆಲ್ಲ ಇದರ ಮುಂದುವರಿಕೆ ಎಂದೇ ನನಗೆ ಅನಿಸುತ್ತದೆ.

ಹದಿನೇಳರ ವಯಸ್ಸಿನಲ್ಲಿ ಶಾಲೆ ಬಿಟ್ಟು ವಾದ್ಯತಂಡ ಸೇರಿದರು. ಸೇಂಟ್ ಲೂಯಿಸ್, ಷಿಕಾಗೋ, ನ್ಯೂಯಾರ್ಕ್ ಎಂದು ಊರು ಬದಲಾಯಿತು. 1940ರ ಹೊತ್ತಿಗೆ ನಾಲ್ಕಿಂಚು ದಪ್ಪದ ಪೈನ್ ಮರದ ತುಂಡಿಗೆ ತಂತಿ ಕಟ್ಟಿ ಘನ ಮರದ ಎಲೆಕ್ಟ್ರಿಕ್ ಗಿಟಾರ್ ಮಾಡಿದರು. ನೋಡಿದವರು ನಗಬಾರದೆಂದು ಎರಡೂ ಬದಿಗೆ ಬೇರೊಂದು ಗಿಟಾರಿನ ಅರ್ಧರ್ಧ ಒಡಲನ್ನು ಅಂಟಿಸಿದರು. ಗಿಬ್ಸನ್ ಕಂಪನಿ ಮೊದಲು ಅದನ್ನು ಬೇಡವೆಂದಿತು. 1952ರಲ್ಲಿ ಅದೇ ಕಂಪನಿ ಅವರ ಹೆಸರಿನಲ್ಲೇ ಗಿಟಾರ್ ಹೊರತಂದಿತು. ಹೆಚ್ಚಿನವರಿಗೆ ಲೆಸ್ ಪಾಲ್ ಎಂದರೆ ಆ ಗಿಟಾರ್ ಅಷ್ಟೇ. ನನಗೆ ಮುಖ್ಯವಾದದ್ದು ಗ್ಯಾರೇಜಿನ ಕಥೆ.

ಯುದ್ಧಕಾಲದಲ್ಲಿ ಅವರು ಹಾಲಿವುಡ್‌ಗೆ ಹೋಗಿ ಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿಯವರಿಗೆ ಗಿಟಾರ್ ನುಡಿಸಿದರು. ಒಂದು ದಿನ ತಾಯಿ, ರೇಡಿಯೋದಲ್ಲಿ ನಿನ್ನ ಗಿಟಾರ್ ಕೇಳಿದೆ, ಚೆನ್ನಾಗಿತ್ತು ಎಂದರಂತೆ. ಅಂದು ನುಡಿಸಿದ್ದು ಇವರಲ್ಲ, ಬೇರೆ ಯಾರೋ. ಹೆತ್ತ ತಾಯಿಗೇ ಗುರುತು ಸಿಗದಿದ್ದರೆ ಇಷ್ಟು ವರ್ಷ ನುಡಿಸಿ ಏನು ಬಂತು? ಲೆಸ್ ಪಾಲ್ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು.

ಆಗಿನ್ನೂ ಟೇಪ್ ಬಳಕೆಗೆ ಬಂದಿರಲಿಲ್ಲ. ತಿರುಗುವ ತಟ್ಟೆಯ ಮೇಲೆ ಸೂಜಿಯಿಂದ ಶಬ್ದ ಕೊರೆಯುತ್ತಿದ್ದರು. ತಟ್ಟೆ ಒಂದೇ ವೇಗದಲ್ಲಿ ತಿರುಗಲಿ ಎಂದು ಅವರು ಕ್ಯಾಡಿಲಾಕ್ ಕಾರಿನ ಫ್ಲೈವೀಲ್ ತಂದು ಯಂತ್ರಕ್ಕೆ ಜೋಡಿಸಿದರು. ಮೊದಲ ಗಿಟಾರನ್ನು ಒಂದು ತಟ್ಟೆಗೆ ಮುದ್ರಿಸುವುದು, ಅದನ್ನು ಹಾಕಿ ಕೇಳುತ್ತಾ ಎರಡನೆಯದನ್ನು ನುಡಿಸುವುದು, ಎರಡನ್ನೂ ಬೆರೆಸಿ ಇನ್ನೊಂದು ತಟ್ಟೆಗೆ ಕೊರೆಯುವುದು. ಹೀಗೆ ಎಂಟು ಗಿಟಾರ್ ಸೇರಿದ ಲವರ್ ಎಂಬ ರೆಕಾರ್ಡ್ 1948ರಲ್ಲಿ ಹೊರಬಂತು. ಎಂಟನ್ನೂ ನುಡಿಸಿದವರು ಒಬ್ಬರೇ. ಕೆಲವು ಭಾಗಗಳನ್ನು ಅರ್ಧ ವೇಗದಲ್ಲಿ ಮುದ್ರಿಸಿದ್ದರಿಂದ ಮಾಮೂಲಿ ವೇಗದಲ್ಲಿ ಹಾಕಿದಾಗ ಗಿಟಾರ್ ಒಂದು ಸ್ಥಾಯಿ ಮೇಲಕ್ಕೇರಿ ಹಕ್ಕಿಯಂತೆ ಕೇಳುತ್ತಿತ್ತು. ಇಂಥ ಪ್ರಯೋಗ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. 1941ರಲ್ಲೇ ಸಿಡ್ನಿ ಬೆಶೆ ಎಂಬ ಜಾಝ್ ಕಲಾವಿದರು ಒಬ್ಬರೇ ಆರು ವಾದ್ಯ ನುಡಿಸಿ ರೆಕಾರ್ಡ್ ಮಾಡಿದ್ದರು. ಆದರೆ ಅದನ್ನೇ ತನ್ನ ದಾರಿ ಮಾಡಿಕೊಂಡವರು ಲೆಸ್ ಪಾಲ್.

ಅದೇ ವರ್ಷ ಜನವರಿಯಲ್ಲಿ ಒಕ್ಲಹೋಮಾದ ಹಿಮ ಬಿದ್ದ ರಸ್ತೆಯಲ್ಲಿ ಅವರ ಕಾರು ಜಾರಿ ಕೆಳಗೆ ಬಿತ್ತು. ಬಲ ಮೊಣಕೈ ನುಚ್ಚುನೂರಾಯಿತು. ಕೈ ಕತ್ತರಿಸುವ ಮಾತೂ ಬಂತು. ಕೊನೆಗೆ ಉಳಿಸಿದರು, ಆದರೆ ಮೊಣಕೈ ಇನ್ನು ಮಡಚುವಂತಿಲ್ಲ. ಯಾವ ಕೋನದಲ್ಲಿ ಕೂಡಿಸಬೇಕು ಎಂಬ ಪ್ರಶ್ನೆ ಬಂದಾಗ, ಗಿಟಾರ್ ಹಿಡಿಯಲು ಆಗುವ ಕೋನದಲ್ಲಿ ಎಂದು ಅವರು ಕೇಳಿಕೊಂಡರು. ಊಟ ಮಾಡಲು, ಅಂಗಿ ತೊಡಲು ಯಾವ ಕೋನ ಅನುಕೂಲ ಎಂದು ಅವರು ಯೋಚಿಸಲಿಲ್ಲ. ಮುಂದಿನ 61 ವರ್ಷ ಆ ಕೈ ಹಾಗೆಯೇ ಇತ್ತು.

ಆ ಕಾರನ್ನು ಓಡಿಸುತ್ತಿದ್ದವರು ಗಾಯಕಿ ಮೇರಿ ಫೋರ್ಡ್. 1949ರಲ್ಲಿ ಇಬ್ಬರೂ ಮದುವೆಯಾದರು. ಅದೇ ವರ್ಷ ಕ್ರಾಸ್ಬಿಯವರು ಒಂದು ಆಂಪೆಕ್ಸ್ ಟೇಪ್ ರೆಕಾರ್ಡರ್ ಉಡುಗೊರೆ ಕೊಟ್ಟರು. ಅದರಲ್ಲಿ ಟೇಪ್ ಮೊದಲು ಅಳಿಸುವ ಹೆಡ್, ಆಮೇಲೆ ಮುದ್ರಿಸುವ ಹೆಡ್, ಕೊನೆಗೆ ಕೇಳಿಸುವ ಹೆಡ್ ದಾಟಿ ಹೋಗುತ್ತದೆ. ಲೆಸ್ ಪಾಲ್ ಅಳಿಸುವ ಹೆಡ್‌ಗೂ ಮೊದಲು ಇನ್ನೊಂದು ಕೇಳಿಸುವ ಹೆಡ್ ಕೂರಿಸಿದರು. ಹಳೆಯ ಶಬ್ದ ಅಳಿಯುವ ಮುಂಚೆ ಅದನ್ನು ಕೇಳಿಸಿಕೊಂಡು, ಹೊಸ ಶಬ್ದದ ಜೊತೆ ಬೆರೆಸಿ, ಅದೇ ಟೇಪಿಗೆ ಮತ್ತೆ ಮುದ್ರಿಸಬಹುದಾಯಿತು. ಹತ್ತನೇ ಸುತ್ತಿನಲ್ಲಿ ಮೇರಿಯವರ ಸ್ವರ ಕೊಂಚ ಜಾರಿದರೆ ಹಿಂದಿನ ಒಂಬತ್ತೂ ಹೋದವು. ಮತ್ತೆ ಮೊದಲಿನಿಂದ ಶುರು. ಪ್ರತಿ ಸುತ್ತಿಗೂ ಹಳೆಯ ಶಬ್ದ ಸ್ವಲ್ಪ ಮಸುಕಾಗುತ್ತಿದ್ದುದರಿಂದ, ಕಡಿಮೆ ಮಹತ್ವದ ಭಾಗಗಳನ್ನು ಮೊದಲು ಮುದ್ರಿಸಿ ಮುಖ್ಯ ದನಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಅಂದರೆ ಕಟ್ಟಡದ ಬಣ್ಣ ಮನಸ್ಸಿನಲ್ಲಿ ನಿಶ್ಚಯವಾಗದೆ ಪಾಯ ತೋಡುವಂತಿರಲಿಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಪುಸ್ತಕದಿಂದಲ್ಲ. ನನ್ನ ಮಾಮು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ಅವರ ಹಳೆಯ ನಾಲ್ಕು ಚಾನೆಲ್ ಅನಲಾಗ್ ಮಿಕ್ಸರ್ ಈಗ ನಮ್ಮ ಮನೆಯಲ್ಲಿದೆ. ಒಳಗೆ ಹೋಗುವ ದಾರಿ ನಾಲ್ಕು, ಹೊರಗೆ ಬರುವುದು ಎಡ ಬಲ ಎಂಬ ಎರಡೇ. ನನ್ನ ತಂಗಿ ಒಬ್ಬಳೇ ಮೂರು ದನಿಯಲ್ಲಿ ಹಾಡಿದ ಭಾವಗೀತೆಯನ್ನು ನಾವು ಅದರಲ್ಲೇ ಮುದ್ರಿಸಿದೆವು. ಮೊದಲ ದನಿಯನ್ನು ಮೊಬೈಲಿನಿಂದ ಒಂದು ಚಾನೆಲ್‌ಗೆ, ಮೈಕನ್ನು ಇನ್ನೊಂದಕ್ಕೆ ಕೊಟ್ಟು, ಎರಡೂ ಬೆರೆತು ಬಂದದ್ದನ್ನು ಲ್ಯಾಪ್‌ಟಾಪಿಗೆ ಮುದ್ರಿಸಿದರೆ ಅದು ಥೇಟ್ ಲೆಸ್ ಪಾಲ್ ವಿಧಾನ: ಬೆರೆತದ್ದನ್ನು ಮತ್ತೆ ಬಿಡಿಸಲಾಗದು, ಹಾಲಿಗೆ ಸೇರಿದ ಸಕ್ಕರೆಯ ಹಾಗೆ. ಬೇರೆ ಬೇರೆ ಉಳಿಯಬೇಕೆಂದರೆ ಒಂದು ಉಪಾಯವಿದೆ. ಮೈಕಿನ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಹಳೆಯ ದನಿಯದನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಡಗಡೆಯದನ್ನು ಮಾತ್ರ ಮುದ್ರಿಸಿ. ಹಾಡುವವರಿಗೆ ಹೆಡ್‌ಫೋನಿನಲ್ಲಿ ಎರಡೂ ಕೇಳುತ್ತವೆ, ಫೈಲಿಗೆ ಹೊಸದು ಮಾತ್ರ ಹೋಗುತ್ತದೆ. ಗೇನ್ ಗುಂಡಿಯನ್ನು ಕೆಂಪು ದೀಪ ಹತ್ತದಷ್ಟಕ್ಕೆ ನಿಲ್ಲಿಸಿ, ಸ್ಪೀಕರ್ ಆಫ್ ಮಾಡಿ. ಇಲ್ಲದಿದ್ದರೆ ಹಳೆಯ ದನಿ ಮೈಕಿಗೂ ನುಗ್ಗುತ್ತದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಕೈ ಹಾಕಬೇಡಿ. 1941ರಲ್ಲಿ ಲೆಸ್ ಪಾಲ್ ಅವರಿಗೇ ಕರೆಂಟು ಹೊಡೆದು ಚೇತರಿಸಿಕೊಳ್ಳಲು ಸುಮಾರು ಎರಡು ವರ್ಷ ಹಿಡಿದಿತ್ತು.

1951ರಲ್ಲಿ ಬಂದ ಹೌ ಹೈ ದ ಮೂನ್ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಕೇಳುವ ಗಾಯಕಿಯರ ಗುಂಪೆಲ್ಲ ಮೇರಿ ಒಬ್ಬರೇ. ಮೈಕಿಗೆ ತೀರ ಹತ್ತಿರ ನಿಂತು ಮೆಲುದನಿಯಲ್ಲಿ ಹಾಡುವ ಅವರ ಕ್ರಮವನ್ನು ಇಂದಿಗೂ ಸ್ಟುಡಿಯೋಗಳಲ್ಲಿ ಕಾಣಬಹುದು. ಯಂತ್ರದ ಕಥೆ ಹೇಳುವವರು ಮೇರಿಯವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಅಷ್ಟು ಸುತ್ತುಗಳಲ್ಲೂ ಸ್ವರ ತಪ್ಪದೆ ಹಾಡುವವರು ಇಲ್ಲದಿದ್ದರೆ ಆ ಹೆಚ್ಚುವರಿ ಹೆಡ್ ಇದ್ದು ಏನು ಪ್ರಯೋಜನ?

1957ರಲ್ಲಿ ಆಂಪೆಕ್ಸ್ ಕಂಪನಿ 10,000 ಡಾಲರಿಗೆ ಎಂಟು ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಅದಕ್ಕೆ ಆಕ್ಟೋಪಸ್ ಎಂಬ ಅಡ್ಡಹೆಸರು. ಅದಕ್ಕೆ ತಕ್ಕ ಮಿಕ್ಸರನ್ನು ರೈನ್ ನಾರ್ಮಾ ಎಂಬ ಎಂಜಿನಿಯರ್ ಕಟ್ಟಿದರು. ಈ ಯಂತ್ರದ ಕಲ್ಪನೆ ಯಾರದು ಎಂಬ ವಿಷಯದಲ್ಲಿ ಲೆಸ್ ಪಾಲ್ ಜೊತೆ ಆಂಪೆಕ್ಸಿನ ರಾಸ್ ಸ್ನೈಡರ್ ಹೆಸರನ್ನೂ ಹೇಳಬೇಕು. ಒಂದು ಟ್ರ್ಯಾಕ್ ತಪ್ಪಿದರೆ ಅದೊಂದನ್ನೇ ಮತ್ತೆ ಮುದ್ರಿಸುವ ಅನುಕೂಲ ಕೊನೆಗೂ ಬಂತು. ಆದರೆ ಅಷ್ಟರಲ್ಲಿ ರಾಕ್ ಸಂಗೀತದ ಕಾಲ ಬಂದು, ಇವರ ಹಾಡುಗಳ ಬೇಡಿಕೆ ಇಳಿದಿತ್ತು. 1964ರಲ್ಲಿ ದಂಪತಿ ಬೇರೆಯಾದರು. ಮೇರಿ 1977ರಲ್ಲಿ ತೀರಿಕೊಂಡರು.

ಲೆಸ್ ಪಾಲ್ ಕೆಲವು ವರ್ಷ ಸುಮ್ಮನಿದ್ದು ಮತ್ತೆ ವೇದಿಕೆಗೆ ಬಂದರು. 1980ರ ದಶಕದಿಂದ ನ್ಯೂಯಾರ್ಕಿನ ಪುಟ್ಟ ಕ್ಲಬ್ಬುಗಳಲ್ಲಿ ಪ್ರತಿ ಸೋಮವಾರ ರಾತ್ರಿ ನುಡಿಸುತ್ತಿದ್ದರು. ಸಂಧಿವಾತದಿಂದ ಬೆರಳುಗಳು ಒಂದೊಂದಾಗಿ ಸೆಟೆದುಕೊಂಡವು. ಉಳಿದ ಬೆರಳುಗಳಿಗೆ ತಕ್ಕಂತೆ ನುಡಿಸುವುದನ್ನು ಹೊಸದಾಗಿ ಕಲಿತರು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. 2009ರ ಆಗಸ್ಟ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷವೂ ಸೋಮವಾರಗಳಂದು ಅವರು ಗಿಟಾರ್ ಹಿಡಿದು ವೇದಿಕೆಯಲ್ಲಿ ಕುಳಿತಿದ್ದರು.