ಟಿಪ್ಪು ಸುಲ್ತಾನ ಮತ್ತು ಫ್ರಾನ್ಸಿನ ಕ್ರಾಂತಿ

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಬ್ರಿಟಿಷರ ವಿರುದ್ಧ ನೆರವು ಕೋರಿ ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದನು. ಅವರು 1788ರಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಮರುವರ್ಷವೇ ಅಲ್ಲಿ ಕ್ರಾಂತಿಯಾಗಿ, ಪ್ರಜೆಗಳಿಗೂ ಹಕ್ಕುಂಟೆಂಬ ಘೋಷಣೆ ಹೊರಟಿತು. 1793ರಲ್ಲಿ ದೊರೆಯ ತಲೆಯೇ ಹೋಯಿತು. ಟಿಪ್ಪು ಆ ಹೊಸ ಸರ್ಕಾರದ ಸ್ನೇಹವನ್ನೂ ಬಯಸಿದನು. 1797ರಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಸ್ವಾತಂತ್ರ್ಯದ ವೃಕ್ಷ ನೆಟ್ಟರೆಂದು ಬ್ರಿಟಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಕೆಲವು ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಮಾರಿಷಸ್‌ನಿಂದ ಬಂದ ಫ್ರೆಂಚ್ ನೆರವು ಸುಮಾರು ನೂರು ಮಂದಿ ಮಾತ್ರ. 1799ರ ಮೇ 4ರಂದು ಟಿಪ್ಪು ಹೋರಾಡುತ್ತಲೇ ಮಡಿದನು.

ಅವನು ಫ್ರಾನ್ಸಿನಿಂದ ಕೇಳಿದ್ದು ಸೈನಿಕರನ್ನು, ಕುಶಲಕರ್ಮಿಗಳನ್ನು, ಪ್ರಜೆಯ ಹಕ್ಕನ್ನಲ್ಲ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿದ್ದು 1881ರಲ್ಲಿ. ಹರ್ಲಿಂಗ್‌ಹ್ಯಾಮ್‌ನ ನಮ್ಮ ಮಕ್ಕಳಿಗೆ ಅವನ ಶೌರ್ಯದ ಜೊತೆಗೆ ಇದನ್ನೂ ಹೇಳೋಣ.